ಟ್ರಂಕ್‌ಕಾಲ್ ಆಂಟಿಯ ಕೊನೆಯ ಆಟ

ಹೋದ ತಿಂಗಳು ಅವರು ತೀರಿಕೊಂಡರು. ಸುದ್ದಿ ತಿಳಿಸಿದವನು ವಿಜಯನಗರದ ಮಂಜು. "ಅಕ್ಕಾ, ನಮ್ ಟ್ರಂಕ್‌ಕಾಲ್ ಹೋಗ್ಬಿಟ್ರು" ಎಂದವನು ಫೋನನ್ನು ಹಾಗೇ ಹಿಡಿದುಕೊಂಡಿದ್ದ. ಚಿತಾಗಾರದ ಹತ್ತಿರ ಅವರ ನೆಂಟರು ಒಂದು ಕಡೆ ನಿಂತಿದ್ದರೆ, ಹೊಟ್ಟೆ ಬಂದ, ಕೂದಲು ಉದುರಿದ ಕೆಲವು ಗಂಡಸರು ಇನ್ನೊಂದು ಕಡೆ ಗುಂಪಾಗಿ ನಿಂತಿದ್ದರು. ಮೈಸೂರಿನಿಂದ ಬಂದಿದ್ದ ಅವರ ತಮ್ಮ, ಮಂಜುವಿನ ಬಳಿ ಬಂದು, "ನೀವು ಯಾವ ಕಡೆಯವ್ರು?" ಎಂದು ಕೇಳಿದರು. "ಆಟದ ಕಡೆಯವ್ರು ಸಾರ್" ಎಂದ ಮಂಜು. ಆ ಹಿರಿಯರಿಗೆ ಏನೂ ಅರ್ಥವಾಗಲಿಲ್ಲ. ನಾನು ಮಾತ್ರ ಆ ಗುಂಪಿನಲ್ಲಿ ಒಂದು ಮುಖವನ್ನು ಹುಡುಕುತ್ತಿದ್ದೆ. ಅದು ಅಲ್ಲಿರಲಿಲ್ಲ.

ಅವರ ನಿಜವಾದ ಹೆಸರನ್ನು ಇಲ್ಲಿ ಬರೆಯುವುದಿಲ್ಲ. "ಆಪರೇಟರ್‌ಗೆ ಹೆಸರಿರಲ್ಲ ಕಣೇ, ಬರೀ ದನಿ" ಎಂದು ಅವರೇ ಹೇಳುತ್ತಿದ್ದರು. ಟೆಲಿಫೋನ್ ವಿನಿಮಯ ಕೇಂದ್ರದಲ್ಲಿ ಊರಿಂದೂರಿಗೆ ಟ್ರಂಕ್‌ಕಾಲ್ ಜೋಡಿಸುವ ಕೆಲಸಕ್ಕೆ ಚಿಕ್ಕ ವಯಸ್ಸಿನಲ್ಲೇ ಸೇರಿ, ಆ ಕೆಲಸವೇ ಇಲ್ಲವಾಗುವವರೆಗೂ ಇದ್ದು, ಸ್ವಯಂನಿವೃತ್ತಿ ಪಡೆದವರು. ಮದುವೆಯಾಗಿರಲಿಲ್ಲ. ರಾಜಾಜಿನಗರದಲ್ಲಿ ತಂದೆ ಕಟ್ಟಿಸಿದ ಮನೆಯ ಮಹಡಿಯಲ್ಲಿ ಒಬ್ಬರೇ ಇದ್ದರು. ಕೆಳಗಿನ ಪುಟ್ಟ ಮನೆಗೆ ನಾನು ಬಾಡಿಗೆಗೆ ಬಂದಾಗ ನನಗೆ ಬಸವೇಶ್ವರನಗರದ ಒಂದು ಕ್ಲಿನಿಕ್ಕಿನಲ್ಲಿ ಫಿಸಿಯೋಥೆರಪಿಸ್ಟ್ ಕೆಲಸ ಸಿಕ್ಕಿ ಸ್ವಲ್ಪ ದಿನವಾಗಿತ್ತು. ನನ್ನ ಕೆಲಸ ಏನೆಂದು ಕೇಳಿ ತಿಳಿದ ಕೂಡಲೇ ಅವರು ತಮ್ಮ ಎರಡೂ ಕೈ ನನ್ನ ಮುಂದೆ ಚಾಚಿದರು. ಬೆರಳ ಗಿಣ್ಣುಗಳು ಊದಿಕೊಂಡು ಶುಂಠಿಯ ಹಾಗಾಗಿದ್ದವು.

"ವೈರು ಚುಚ್ಚಿ ಚುಚ್ಚಿ ಹೀಗಾಯ್ತು. ಇವನ್ನ ರಿಪೇರಿ ಮಾಡಕ್ಕಾಗುತ್ತಾ?"

"ರಿಪೇರಿ ಕಷ್ಟ ಆಂಟಿ. ನೋವು ಸ್ವಲ್ಪ ಕಡಿಮೆ ಮಾಡಬಹುದು."

"ಬಾಡಿಗೆಗೆ ಬಂದ ದಿನಾನೇ ಸುಳ್ಳು ಹೇಳ್ಲಿಲ್ಲವಲ್ಲ, ಇರು ಇಲ್ಲೇ" ಎಂದು ನಕ್ಕರು.

ಅವರ ನಗು ಗಟ್ಟಿ. ದನಿ ಮಾತ್ರ ಮೆತ್ತಗೆ, ಒಂದೊಂದು ಅಕ್ಷರವೂ ಬಿಡಿಬಿಡಿಯಾಗಿ ಕೇಳುವ ಹಾಗೆ. ತರಕಾರಿಯವನನ್ನು ಮಹಡಿಯಿಂದ ಕರೆದರೂ ಕೂಗಿದಂತೆ ಕೇಳಿಸುತ್ತಿರಲಿಲ್ಲ. ಆದರೂ ಅವನು ಬೀದಿಯ ತುದಿಯಲ್ಲೇ ಗಾಡಿ ನಿಲ್ಲಿಸುತ್ತಿದ್ದ. ಕೆಲಸದ ದಿನಗಳ ಕಥೆಗಳನ್ನು ಹೇಳುವಾಗ ಯಾರ ಗುಟ್ಟನ್ನೂ ಬಿಟ್ಟುಕೊಡುತ್ತಿರಲಿಲ್ಲ. ಒಮ್ಮೆ ಮಾತ್ರ ದಾವಣಗೆರೆಯ ಒಂದು ಕರೆಯ ಬಗ್ಗೆ ಹೇಳಿದರು. ಕರೆ ಮಾಡಿದ ಹುಡುಗಿ ಮಾತಾಡಲಿಲ್ಲವಂತೆ, ಉಸಿರು ಮಾತ್ರ ಕೇಳುತ್ತಿತ್ತಂತೆ. ಮೂರು ನಿಮಿಷ ಮುಗಿಯಿತು ಎಂದು ಆಪರೇಟರು ಹೇಳಬೇಕು. ಇವರು ಹೇಳಲಿಲ್ಲ.

"ಆ ಕಡೆಯವ್ರೂ ಲೈನ್ ಬಿಡ್ಲಿಲ್ಲ ಕಣೇ. ಇಬ್ರೂ ಸುಮ್ನೆ ಹಿಡ್ಕೊಂಡಿದ್ರು. ನಾನು ಹೇಗೆ ಕತ್ತರಿಸ್ಲಿ? ಮಾರನೇ ದಿನ ಮೆಮೋ ಬಂತು. ಬರ್ಲಿ ಅಂದೆ."

ಇಂಥವರು ಅರವತ್ತರ ಹತ್ತಿರ ಬಂದು ಆನ್‌ಲೈನ್ ಆಟಕ್ಕೆ ಬಿದ್ದದ್ದು ಒಂದು ಕಂಪ್ಯೂಟರ್ ಪತ್ರಿಕೆಯ ದೆಸೆಯಿಂದ. ಆಗೆಲ್ಲ ಪತ್ರಿಕೆಯ ಜೊತೆ ಒಂದು ಸಿ.ಡಿ. ಬರುತ್ತಿತ್ತು. ಮನೆಗೆ ಬ್ರಾಡ್‌ಬ್ಯಾಂಡ್ ಹಾಕಿಸಿಕೊಂಡ ಹೊಸದರಲ್ಲಿ ಏನು ಮಾಡುವುದೆಂದು ತಿಳಿಯದೆ ಆ ಸಿ.ಡಿ. ಹಾಕಿದರು. ಅದರಲ್ಲಿ ಕೋಟೆ ಕಾಯುವ ಆಟವೊಂದು ಇತ್ತು. ಎಲ್ಲೆಲ್ಲಿಯೋ ಇರುವವರು ಒಂದು ಗುಂಪು ಕಟ್ಟಿಕೊಂಡು ಇನ್ನೊಂದು ಗುಂಪಿನ ಕೋಟೆಗೆ ಮುತ್ತಿಗೆ ಹಾಕಬೇಕು. ಆಡುತ್ತಾ ಆಡುತ್ತಾ ಪರದೆಯ ಕೆಳಗೆ ಮಾತನ್ನು ಟೈಪು ಮಾಡಬಹುದು. ಅವರು ಆರಿಸಿಕೊಂಡದ್ದು ವೈದ್ಯೆಯ ಪಾತ್ರ. ಕತ್ತಿ ಹಿಡಿಯುವ ಹಾಗಿಲ್ಲ, ಪೆಟ್ಟು ತಿಂದವರ ಗಾಯ ವಾಸಿ ಮಾಡಬೇಕು. ಯಾರನ್ನು ಮೊದಲು ನೋಡಬೇಕು, ಯಾರು ಇನ್ನೂ ಸ್ವಲ್ಪ ತಡೆದುಕೊಳ್ಳಬಲ್ಲರು ಎಂಬ ಲೆಕ್ಕಾಚಾರ ಅವರಿಗೆ ಹಳೆಯ ಅಭ್ಯಾಸ. "ಬೋರ್ಡಿನ ಎಲ್ಲಾ ದೀಪಾನೂ ಒಟ್ಟಿಗೇ ಹತ್ಕೊಂಡ್ರೆ ಯಾವ ಲೈನ್ ಮೊದ್ಲು ತಗೋಬೇಕು? ಅದೇ ಕೆಲ್ಸ" ಎನ್ನುತ್ತಿದ್ದರು. ಆಟದಲ್ಲಿ ಅವರು ಇಟ್ಟುಕೊಂಡ ಹೆಸರು ಟ್ರಂಕ್‌ಕಾಲ್.

ಗುಂಪಿನವರು ಹೆಚ್ಚಾಗಿ ಪಶ್ಚಿಮ ಬೆಂಗಳೂರಿನ ಹುಡುಗರೇ. ವಿಜಯನಗರ, ಕೆಂಗೇರಿ, ನಾಗರಬಾವಿಗಳ ಸೈಬರ್ ಸೆಂಟರುಗಳಲ್ಲಿ ಕೂತು ಆಡುವವರು. ಟ್ರಂಕ್‌ಕಾಲ್ ಅಂದರೆ ಯಾರೋ ತಮ್ಮಂಥ ಹುಡುಗ ಎಂದುಕೊಂಡಿದ್ದರು. ಒಂದು ಸಂಕ್ರಾಂತಿಗೆ ಇವರು ಎಲ್ಲರನ್ನೂ ಮನೆಗೆ ಕರೆದರು. ಬಾಗಿಲು ತೆರೆದ ಬಿಳಿಗೂದಲಿನ ಹೆಂಗಸನ್ನು ನೋಡಿ ಮಂಜು, "ಆಂಟಿ, ನಿಮ್ಮಗ ಇದಾನಾ?" ಎಂದು ಕೇಳಿದನಂತೆ. "ಮಗ ಇಲ್ಲ. ಮೊನ್ನೆ ನಿನ್ನ ಪ್ರಾಣ ಉಳಿಸಿದ್ದು ನಾನೇ. ಚಪ್ಪಲಿ ಅಲ್ಲೇ ಬಿಟ್ಟು ಒಳಗ್ಬಾ" ಎಂದರಂತೆ ಇವರು. ಮಂಜುವಿನ ತಾತನ ಹೊಲಗಳ ಮೇಲೆ ಈಗ ಬಡಾವಣೆ ಎದ್ದಿದೆ. ಅವನದು ಹಾರ್ಡ್‌ವೇರ್ ಅಂಗಡಿ. ದೊಡ್ಡ ಗಂಟಲಿನ, ಹಿಂದೆ ಮುಂದೆ ನೋಡದ ಹುಡುಗ. ಅವನು ಅಂದಿನಿಂದ ಆಂಟಿಯ ಮಾತು ಮೀರಿದವನಲ್ಲ.

ಆಂಟಿಯ ಕಟ್ಟುನಿಟ್ಟು ಮೂರು ವಿಷಯಗಳಲ್ಲಿ. ಆಟದಲ್ಲಿ ಬೈಗುಳ ಕೂಡದು, ಸೋತವರನ್ನು ಹಂಗಿಸಬಾರದು, ಕಳ್ಳಾಟ ಆಡಬಾರದು. ಆಟ ನಡೆಯುತ್ತಿರುವಾಗಲೇ ಕಂಪ್ಯೂಟರಿನ ಮೆಮೊರಿಯೊಳಗೆ ಕೈಹಾಕಿ ಅಂಕಿಗಳನ್ನು ತಿದ್ದುವ ಸಾಫ್ಟ್‌ವೇರುಗಳು ಆಗ ಪುಕ್ಕಟೆ ಸಿಗುತ್ತಿದ್ದವು. ಎದುರು ಗುಂಪಿನವನೊಬ್ಬ ಹಾಗೆ ಮಾಡುತ್ತಿದ್ದಾನೆ ಎಂದು ಗೊತ್ತಾದಾಗ ಗೆಲ್ಲುವ ಆಟವನ್ನೇ ನಡುವೆ ಬಿಟ್ಟು ಎದ್ದಿದ್ದರು. "ಹಾಗೆ ಗೆದ್ರೆ ಗೆದ್ದಿದ್ದು ಯಾರು ಅಂತ ನಮಗೇ ಗೊತ್ತಿರಲ್ಲ" ಎಂದು ಹುಡುಗರಿಗೆ ಹೇಳಿದ್ದರು. ಆ ಮಾತನ್ನು ಅವರೆಲ್ಲ ದೇವರ ಮಾತಿನಂತೆ ನಂಬಿದ್ದರು.

ಗುಂಪಿನಲ್ಲಿ ವೀರೇಶ ಎಂಬ ಹುಡುಗನಿದ್ದ. ಗದಗಿನ ಕಡೆಯವನು, ನಾಗರಬಾವಿಯಲ್ಲಿ ಕಾನೂನು ಓದುತ್ತಿದ್ದ. ಗುಂಪಿನ ಇಬ್ಬರ ಜೊತೆ ಒಂದೇ ರೂಮಿನಲ್ಲಿದ್ದ. ಆಟದಲ್ಲಿ ಅವನೇ ದಂಡನಾಯಕ. ಎಲ್ಲಿಂದ ನುಗ್ಗಬೇಕು, ಎಲ್ಲಿ ನಿಲ್ಲಬೇಕು ಎಂದು ಪಟಪಟ ಟೈಪು ಮಾಡುತ್ತಿದ್ದ. ಎದುರಿಗೆ ಕಂಡರೆ ಬೇರೆಯೇ ಹುಡುಗ. ಮಾತು ತೊದಲುತ್ತಿತ್ತು. ತನ್ನ ಹೆಸರಿನ ಮೊದಲ ಅಕ್ಷರ ದಾಟುವುದೇ ಅವನಿಗೊಂದು ಹೊಳೆ ದಾಟಿದ ಹಾಗೆ.

ಭಾನುವಾರಗಳಂದು ಅವನು ರಾಜಾಜಿನಗರಕ್ಕೆ ಬರುತ್ತಿದ್ದ. ಆಂಟಿಯ ಕಂಪ್ಯೂಟರಿನಲ್ಲಿ ಆಡುತ್ತಿದ್ದ, ಊಟ ಮಾಡುತ್ತಿದ್ದ, ಆಮೇಲೆ ಪಾಠ. ಕಾನೂನು ಕಾಲೇಜಿನಲ್ಲಿ ಅಣಕು ನ್ಯಾಯಾಲಯ ನಡೆಸುತ್ತಾರೆ. ಅದರಲ್ಲಿ ಅವನಿಗೆ ವಾದ ಮಾಡಬೇಕೆಂಬ ಆಸೆ. ಆಂಟಿ ಸಂಪರ್ಕವಿಲ್ಲದ ಹಳೆಯ ಫೋನೊಂದರ ರಿಸೀವರನ್ನು ಅವನ ಕೈಗೆ ಕೊಟ್ಟು, ತಾವು ಪಕ್ಕದ ಕೋಣೆಗೆ ಹೋಗಿ ಗೋಡೆಯಾಚೆಯಿಂದ ಮಾತಾಡಿಸುತ್ತಿದ್ದರು.

"ಯಾರೂ ನಿನ್ನ ಬಾಯಿ ನೋಡ್ತಿಲ್ಲ ವೀರೇಶ. ಉಸಿರು ಬಿಡ್ತಾ ಹೇಳು. ನಂಗೇನೂ ಅವಸರ ಇಲ್ಲ, ನಾನು ಲೈನ್ ಮೇಲೇ ಇರ್ತೀನಿ."

ನಾನು ಕೆಳಗೆ ಬಟ್ಟೆ ಒಗೆಯುತ್ತಾ ಕೇಳಿಸಿಕೊಳ್ಳುತ್ತಿದ್ದೆ. ಒಂದು ಭಾನುವಾರ ಅವನು ಒಂದೂ ಕಡೆ ಮುಗ್ಗರಿಸದೆ "ಮಾನ್ಯ ನ್ಯಾಯಾಧೀಶರೇ" ಎಂದು ಆರಂಭಿಸಿ ಒಂದಿಡೀ ವಾದ ಮುಗಿಸಿದ. ಆಂಟಿ ಮಹಡಿಯ ಮೆಟ್ಟಿಲಿಗೆ ಬಂದು ನನ್ನತ್ತ ಬಗ್ಗಿ, ಸದ್ದಿಲ್ಲದೆ ಚಪ್ಪಾಳೆ ತಟ್ಟುವಂತೆ ಕೈ ಆಡಿಸಿದರು. ಆ ಬೆರಳುಗಳಿಗೆ ನಿಜವಾದ ಚಪ್ಪಾಳೆ ಆಗುತ್ತಿರಲಿಲ್ಲ.

ಆ ಬೆರಳುಗಳಿಂದಲೇ ಆದದ್ದು ಮುಂದಿನದೆಲ್ಲ. ಚಳಿಗಾಲ ಬಂದಾಗ ನೋವು ಹೆಚ್ಚಾಯಿತು. ನಾನು ಬಿಸಿ ಮೇಣದಲ್ಲಿ ಕೈ ಅದ್ದಿಸುತ್ತಿದ್ದೆ. ಸ್ವಲ್ಪ ಹೊತ್ತು ಹಗುರವಾಗಿ ಮತ್ತೆ ಅಷ್ಟೇ. ಆನ್‌ಲೈನ್ ಆಟದಲ್ಲಿ ಅವರ ನಿಧಾನವನ್ನು ಹುಡುಗರು ಸುಧಾರಿಸಿಕೊಳ್ಳುತ್ತಿದ್ದರು. ಆದರೆ ಆಂಟಿಗೆ ಇನ್ನೊಂದು ಚಟವಿತ್ತು. ಇಂಟರ್ನೆಟ್ಟೇ ಬೇಕಿಲ್ಲದ, ಒಬ್ಬರೇ ಕೂತು ಆಡುವ ಬಣ್ಣದ ಗುಂಡುಗಳ ಆಟ. ಮೇಲಿಂದ ಗುಂಡುಗಳು ಇಳಿಯುತ್ತವೆ, ತಳ ಮುಟ್ಟುವ ಮುಂಚೆ ಹೊಡೆಯಬೇಕು. ಬೆರಳು ಏಳುವಷ್ಟರಲ್ಲಿ ಗುಂಡು ಇಳಿದುಬಿಡುತ್ತಿತ್ತು. ಅದಕ್ಕಾಗಿ ಅವರು ಇಂಟರ್ನೆಟ್ಟಿನಲ್ಲಿ ಹುಡುಕಿ ಆ ಮೆಮೊರಿ ತಿದ್ದುವ ಸಾಫ್ಟ್‌ವೇರನ್ನೇ ಇಳಿಸಿಕೊಂಡರು. ನನ್ನನ್ನು ಮೇಲೆ ಕರೆದು ಮಗುವಿನಂಥ ಖುಷಿಯಲ್ಲಿ ತೋರಿಸಿದರು.

"ನೋಡೇ, ಆಟದ ಪ್ರತಿ ನಂಬರೂ ಮೆಷಿನ್ನಿನ ಒಳಗೆ ಎಲ್ಲೋ ಒಂದು ಮನೇಲಿ ಕೂತಿರುತ್ತೆ. ನನ್ನ ಅಂಕ ಈಗ ನೂರಿಪ್ಪತ್ತು ಅಲ್ವಾ? ನೂರಿಪ್ಪತ್ತು ಇರೋ ಮನೆ ಎಲ್ಲಾ ಹುಡುಕು ಅಂತೀನಿ. ಸಾವಿರಾರು ಬರುತ್ತೆ. ಒಂದು ಗುಂಡು ಹೊಡೀತೀನಿ. ಈಗ ಯಾವ ಮನೆಯ ನಂಬರು ಬದಲಾಯ್ತು ಹೇಳು ಅಂತೀನಿ. ಹಾಗೇ ಸೋಸಿ ಸೋಸಿ ಕೊನೆಗೆ ಒಂದೇ ಮನೆ ಉಳಿಯುತ್ತೆ. ಅಲ್ಲಿ ಹೋಗಿ ನಮಗೆ ಬೇಕಾದ ನಂಬರು ಬರೆದುಬಿಡೋದು. ಆಟದ ಗಡಿಯಾರಾನೂ ಹೀಗೇ ನಿಧಾನ ಮಾಡ್ಬಹುದು."

"ಆಂಟಿ, ಇದು ಮೋಸ ಅಲ್ವಾ?"

"ಯಾರಿಗೆ ಮೋಸ? ಇಲ್ಲಿ ನಾನೊಬ್ಳೇ ಇದೀನಿ" ಎಂದರು. ಆಮೇಲೆ ತಾವಾಗಿಯೇ ಸೇರಿಸಿದರು: "ಆದ್ರೆ ಹುಡುಗರ ಜೊತೆ ಆಡೋವಾಗ ಇದು ತೆರೆದಿರಬಾರ್ದು. ಆ ಆಟದ ಜೊತೆ ಒಬ್ಬ ಕಾವಲುಗಾರ ಬರ್ತಾನೆ. ಯಾವ ಆಟಕ್ಕೆ ತೆರೆದಿದೀಯ, ಯಾಕೆ ತೆರೆದಿದೀಯ ಅಂತ ಕೇಳಲ್ಲ ಅವ್ನು. ಮೆಷಿನ್ನಲ್ಲಿ ಇದು ಓಡ್ತಾ ಇದ್ರೆ ಸಾಕು, ಖಾತೆ ಮುಚ್ಚಿಬಿಡ್ತಾರಂತೆ."

ಇಷ್ಟು ತಿಳಿದಿತ್ತು ಅವರಿಗೆ. ಪ್ರತಿಸಲ ನೆನಪಿಟ್ಟು ಮುಚ್ಚುತ್ತಲೂ ಇದ್ದರು. ಒಂದು ಭಾನುವಾರ ಗುಂಡುಗಳ ಆಟದಲ್ಲಿ ಮುಳುಗಿದ್ದಾಗ ವೀರೇಶ ಬಂದ. ಒಲೆಯ ಮೇಲಿದ್ದ ಹಾಲು ಉಕ್ಕಿತು. ಅವರು ಆಟವನ್ನಷ್ಟೇ ಮುಚ್ಚಿ, ಆ ಸಾಫ್ಟ್‌ವೇರನ್ನು ಪರದೆಯ ಕೆಳಗೆ ಸರಿಸಿದ್ದನ್ನು ಮರೆತು ಅಡಿಗೆಮನೆಗೆ ಓಡಿದರು. ವೀರೇಶ ಕುರ್ಚಿಯಲ್ಲಿ ಕೂತು ತನ್ನ ಹೆಸರಿನಲ್ಲಿ ಆನ್‌ಲೈನ್ ಆಟಕ್ಕೆ ಇಳಿದ. ಅವನು ಏನನ್ನೂ ಗಮನಿಸಲಿಲ್ಲ. ಆಂಟಿ ಅವತ್ತು ಅವರೆಕಾಳು ಉಪ್ಪಿಟ್ಟು ಮಾಡಿದ್ದರು. ನನಗೂ ಒಂದು ತಟ್ಟೆ ಬಂತು.

ಆ ವಾರವೇ ವೀರೇಶನ ಖಾತೆ ಮುಚ್ಚಿತು. ಆಟದ ಕಂಪನಿ ಅಂಥವರ ಹೆಸರುಗಳನ್ನು ಎಲ್ಲರಿಗೂ ಕಾಣುವಂತೆ ಹಾಕುತ್ತಿತ್ತು. ನಿಷೇಧಿತ ಸಾಫ್ಟ್‌ವೇರ್ ಬಳಕೆ, ಖಾತೆ ಶಾಶ್ವತವಾಗಿ ರದ್ದು. ಮೊದಲು ನೋಡಿದವನು ಮಂಜು. ಇಷ್ಟು ದಿನ ಗೆದ್ದ ಕೋಟೆಗಳೆಲ್ಲ ಇವನ ಕಳ್ಳಾಟದಿಂದ ಗೆದ್ದದ್ದೇ ಎಂಬ ಮಾತು ಹೊಗೆಯಂತೆ ಹರಡಿತು. ವಿಜಯನಗರದ ಒಂದು ಹೋಟೆಲಿನಲ್ಲಿ ಎಲ್ಲರೂ ಸೇರಿ ಅವನನ್ನೇ ಕೇಳಿಬಿಡುವುದೆಂದು ತೀರ್ಮಾನವಾಯಿತು. ಆಂಟಿಯನ್ನು ನನ್ನ ಸ್ಕೂಟಿಯ ಹಿಂದೆ ಕೂರಿಸಿಕೊಂಡು ಕರೆದುಕೊಂಡು ಹೋದವಳು ನಾನು. ದಾರಿಯುದ್ದಕ್ಕೂ ಅವರು ಒಂದು ಮಾತೂ ಆಡಲಿಲ್ಲ. ಬೆರಳು ನೋಯುತ್ತಿರಬೇಕು ಎಂದುಕೊಂಡೆ.

ಹೋಟೆಲಿನಲ್ಲಿ ಎರಡು ಮೇಜು ಜೋಡಿಸಿ ಕೂತಿದ್ದರು. ವೀರೇಶ ತುದಿಯಲ್ಲಿದ್ದ.

"ನೇರವಾಗಿ ಹೇಳು ಮಗಾ" ಎಂದ ಮಂಜು. "ಆ ಸಾಫ್ಟ್‌ವೇರ್ ಹಾಕಿದ್ಯೋ ಇಲ್ವೋ?"

"ನಾ... ನಾ... ನಾ ಏ..." ವೀರೇಶನ ಕತ್ತಿನ ನರ ಉಬ್ಬಿತು. ಕಣ್ಣು ಮುಚ್ಚಿಕೊಂಡ. ಮತ್ತೆ ಮೊದಲಿಂದ ಹಿಡಿದ. "ನಾ ಏನೂ ಮಾ... ಮಾ..."

"ಮಾಡಿಲ್ಲ ಅನ್ನೋಕೆ ಇಷ್ಟೊತ್ತು ಬೇಕಾ ಗುರು?" ಎಂದು ಅವನ ರೂಮಿನವನೇ ಒಬ್ಬ ನಕ್ಕ. ಉಳಿದವರೂ ನಕ್ಕರು. ಅವರಿಗೆ ಅವನ ತೊದಲೇ ಸಾಕ್ಷಿಯಾಯಿತು.

ವೀರೇಶ ಆಂಟಿಯ ಕಡೆ ನೋಡಿದ. ನಾನೂ ನೋಡಿದೆ. ಅವರು ಕಾಫಿಗೆ ಚಮಚ ಹಾಕಿ ತಿರುಗಿಸುತ್ತಿದ್ದರು. ಅವರು ಕಾಫಿಗೆ ಸಕ್ಕರೆ ಹಾಕುವುದಿಲ್ಲ. ಅವನು ಮತ್ತೊಮ್ಮೆ ಪ್ರಯತ್ನಿಸಲಿಲ್ಲ. ಎದ್ದು, ಕುರ್ಚಿಯನ್ನು ಮೇಜಿನ ಒಳಗೆ ಸರಿಸಿ ಹೊರಟುಹೋದ.

ಅವನು ಆ ರೂಮು ಬಿಟ್ಟ. ನಗರದ ಅಂಚಿನ ಶ್ರೀಗಂಧದ ಕಾವಲಿನಲ್ಲಿ ದೂರದ ನೆಂಟರ ಮನೆಯೊಂದರಲ್ಲಿದ್ದಾನೆ ಎಂದು ಯಾರೋ ಹೇಳಿದರು. ಭಾನುವಾರಗಳು ಬಂದವು, ಹೋದವು. ಮೇಲಿನ ಮನೆಯಿಂದ ದನಿ ಕೇಳುತ್ತಿರಲಿಲ್ಲ. ಕೈ ನೋಡೋಣ ಎಂದು ನಾನು ಹೋದರೆ "ಇವತ್ತು ಬೇಡ ಬಿಡು" ಎನ್ನುತ್ತಿದ್ದರು. ಒಂದು ಸಂಜೆ ಬಲವಂತವಾಗಿ ಕೂರಿಸಿ, ಅವರ ಕೈಯನ್ನು ಮೇಣದಲ್ಲಿ ಅದ್ದಿದ್ದೆ. ಆಗ ಹೇಳಿದರು.

"ಅದು ನಾನು ಕಣೇ. ಮುಚ್ಚೋದು ಮರೆತಿದ್ದೆ."

ನನಗೆ ಮೊದಲು ತಿಳಿಯಲಿಲ್ಲ. ಅವರು ಪೂರ್ತಿ ಹೇಳಿದರು. ಹಾಲು ಉಕ್ಕಿದ್ದು, ಸಾಫ್ಟ್‌ವೇರು ಪರದೆಯ ಕೆಳಗೆ ಉಳಿದದ್ದು, ಊಟ ಮುಗಿಸಿ ಅವನು ಹೋದಮೇಲೆ ಅದನ್ನು ಕಂಡು ಮುಚ್ಚಿದ್ದು, ಏನೂ ಆಗಲಾರದು ಎಂದು ತಮಗೆ ತಾವೇ ಹೇಳಿಕೊಂಡದ್ದು.

"ಮರೆತಿದ್ದು ತಪ್ಪು, ಸರಿ. ಅದಕ್ಕೆ ಏನಾದ್ರೂ ಹೇಳ್ಕೋಬಹುದು. ಹೋಟ್ಲಲ್ಲಿ ನಾನು ಏನೂ ಮರೆತಿರ್ಲಿಲ್ಲ. ಎಲ್ಲಾ ಗೊತ್ತಿತ್ತು. ಅವ್ನು ನನ್ನ ಮುಖ ನೋಡ್ದ. ಈ ಹುಡುಗರ ಮುಂದೆ ನಾನು ಕಳ್ಳಾಟದೋಳು ಆಗ್ಬಿಡ್ತೀನಲ್ಲಾ ಅಂತ..." ಮೇಣ ಗಟ್ಟಿಯಾಗಿ ಬಿಳಿಯಾಗುತ್ತಿತ್ತು.

ನನಗೆ ಆಗ ತೋಚಿದ ಸಮಾಧಾನ ಇಷ್ಟೇ: "ಬಿಡಿ ಆಂಟಿ. ಅದೊಂದು ಆಟ ತಾನೇ."

ಅವರು ನನ್ನನ್ನು ನೋಡಿದ ರೀತಿ ಇನ್ನೂ ಕಣ್ಣ ಮುಂದಿದೆ. ಅದರಲ್ಲಿ ಕೋಪವಿರಲಿಲ್ಲ. ಸಂಪರ್ಕ ತಪ್ಪಿಹೋದ ಕಡೆ ಒಂದು ಗಳಿಗೆ ಕಿವಿಗೊಟ್ಟು, ಅಲ್ಲಿ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡವರ ಹಾಗೆ ಇತ್ತು. "ಸಂಕಟ ಆಟಕ್ಕೆ ಅಲ್ಲ ಕಣೇ" ಎಂದಷ್ಟೇ ಅಂದು, ಮೇಣವನ್ನು ತಾವೇ ಬಿಡಿಸಿಕೊಳ್ಳತೊಡಗಿದರು.

ಮಾರನೆಯ ದಿನ ಆಟದ ಕಂಪನಿಗೆ ಇ-ಮೇಲ್ ಬರೆದರು. ತಪ್ಪು ನನ್ನದು, ಆ ಹುಡುಗನ ಖಾತೆ ವಾಪಸು ಕೊಡಿ, ಬದಲಿಗೆ ನನ್ನದನ್ನು ಮುಚ್ಚಿ ಎಂದು. ಖಾತೆಯ ಸುರಕ್ಷತೆ ಖಾತೆದಾರರ ಜವಾಬ್ದಾರಿ, ನಿರ್ಧಾರ ಬದಲಾಗುವುದಿಲ್ಲ ಎಂಬ ಉತ್ತರ ಬಂತು. ಇನ್ನೊಮ್ಮೆ ಬರೆದರು. ಅದೇ ಉತ್ತರ, ಅಕ್ಷರವೂ ಬದಲಾಗದೆ ಬಂತು. "ಅಲ್ಲಿ ಮನುಷ್ಯರು ಯಾರಾದ್ರೂ ಕೂತಿದಾರಾ ಅಂತಾನೇ ಗೊತ್ತಾಗಲ್ವಲ್ಲೇ" ಎಂದು ಪರದೆಯನ್ನೇ ನೋಡುತ್ತಾ ಕೂತರು. ಆಮೇಲೆ ಹುಡುಗರಿಗೆ ಆಟದಲ್ಲೇ ಬರೆದು ತಿಳಿಸಿದರು: ವೀರೇಶ ನಿರಪರಾಧಿ, ಆ ಸಾಫ್ಟ್‌ವೇರ್ ನನ್ನದು.

ಹುಡುಗರು ನಂಬಲಿಲ್ಲ. ಇದನ್ನು ಆಂಟಿ ನಿರೀಕ್ಷಿಸಿರಲಿಲ್ಲ. ಮಂಜು ಮನೆಗೇ ಬಂದ. ಕೈಯಲ್ಲಿ ಬಾಳೆಹಣ್ಣಿನ ಚೀಲ.

"ಆಂಟಿ, ನಿಮ್ಮ ಮನಸ್ಸು ದೊಡ್ಡದು. ಅವ್ನನ್ನ ಉಳಿಸ್ಬೇಕು ಅಂತ ನಿಮ್ಮ ತಲೆ ಮೇಲೆ ಹಾಕ್ಕೊತಾ ಇದೀರ. ನಮಗೆ ಅರ್ಥ ಆಗುತ್ತೆ."

"ಅರ್ಥ ಆಗಿಲ್ಲ ಮಂಜು. ನಾನು ನಿಜ ಹೇಳ್ತಾ ಇದೀನಿ."

"ಬಿಡಿ ಆಂಟಿ. ನೀವು, ಕಳ್ಳಾಟ! ದೇವ್ರೇ ಬಂದು ಹೇಳಿದ್ರೂ ನಂಬಲ್ಲ."

ಅವನು ಹೋದಮೇಲೆ ಆಂಟಿ ಬಾಗಿಲ ಚಿಲಕ ಹಿಡಿದುಕೊಂಡೇ ನಿಂತಿದ್ದರು. ತಪ್ಪೊಪ್ಪಿಕೊಂಡದ್ದಕ್ಕೆ ಸಿಕ್ಕಿದ ಆ ಮರ್ಯಾದೆ ಅವರನ್ನು ಎಷ್ಟು ಸುಟ್ಟಿತೆಂದರೆ, ಆ ಬಾಳೆಹಣ್ಣನ್ನು ಮುಟ್ಟಲೂ ಇಲ್ಲ. ಕೊನೆಗೆ ನಾನೇ ಬೀದಿಯ ಹಸುವಿಗೆ ಹಾಕಿದೆ.

ಮುಂದಿನ ಭಾನುವಾರ ಬೆಳಗ್ಗೆ ಎಲ್ಲರನ್ನೂ ಮನೆಗೆ ಕರೆದರು. ಊಟಕ್ಕೆಂದು ಬಂದ ಹುಡುಗರಿಗೆ ಒಲೆ ಹಚ್ಚಿರದ ಅಡಿಗೆಮನೆ ಕಂಡು ಆಶ್ಚರ್ಯ. ಅವರನ್ನು ಕಂಪ್ಯೂಟರಿನ ಸುತ್ತ ನಿಲ್ಲಿಸಿ, ತಾವು ಕುರ್ಚಿಯಲ್ಲಿ ಕೂತರು. ಮೊದಲು ಆ ಸಾಫ್ಟ್‌ವೇರ್ ತೆರೆದರು. ಅದರಲ್ಲಿ ಗುಂಡುಗಳ ಆಟದ ಅಂಕಗಳನ್ನು ಉಳಿಸಿಟ್ಟಿದ್ದ ಕಡತವಿತ್ತು. ವೀರೇಶನ ಖಾತೆ ಮುಚ್ಚಿದ್ದಕ್ಕಿಂತ ಅದು ಎಷ್ಟು ಹಳೆಯದು ನೋಡಿ ಎಂದು ತೋರಿಸಿದರು. ಆಮೇಲೆ ಕೋಟೆಯ ಆಟ ತೆರೆದು, ಟ್ರಂಕ್‌ಕಾಲ್ ಎಂಬ ಹೆಸರಿನಲ್ಲಿ ಒಳಹೊಕ್ಕರು.

ಮಂಜುವಿಗೆ ಆಗ ಹೊಳೆಯಿತು. "ಆಂಟಿ, ಬೇಡ! ಅದು ಓಡ್ತಾ ಇದೆ, ಮೊದ್ಲು ಮುಚ್ಚಿ!"

"ಗೊತ್ತು. ಅವತ್ತೂ ಓಡ್ತಾ ಇತ್ತು. ವೀರೇಶ ಇದೇ ಕುರ್ಚೀಲಿ ಕೂತಿದ್ದ. ಅವ್ನಿಗೆ ಗೊತ್ತಿರ್ಲಿಲ್ಲ, ನನಗೆ ಗೊತ್ತಿದೆ. ಅಷ್ಟೇ ವ್ಯತ್ಯಾಸ."

ಪರದೆಯ ಮೇಲೆ ವೈದ್ಯೆ ಬಿಳಿ ನಿಲುವಂಗಿ ತೊಟ್ಟು ಕೋಟೆಯ ಬಾಗಿಲಲ್ಲಿ ನಿಂತಿದ್ದಳು. ಆಂಟಿ ಆ ಸಾಫ್ಟ್‌ವೇರನ್ನು ನೇರವಾಗಿ ಆಟಕ್ಕೇ ಜೋಡಿಸಿದರು. ವೈದ್ಯೆಯ ಪ್ರಾಣದ ಅಂಕಿಯನ್ನು ಹುಡುಕಿ, ಊದಿದ ಬೆರಳಲ್ಲಿ ಒಂದೊಂದೇ ಕೀಲಿ ಒತ್ತಿ, ಒಂಬತ್ತುಗಳನ್ನು ತುಂಬಿದರು. ಪರದೆಯ ಮೂಲೆಯಲ್ಲಿ ಅಂಕಿ ಬದಲಾಯಿತು. ಅಷ್ಟರಲ್ಲಿ ಶತ್ರುವಿನ ಒಂದು ಬಾಣ ಬಂದು ತಗುಲಿತು. ಒಂಬತ್ತುಗಳೆಲ್ಲ ಮಾಯವಾಗಿ ನಿಜವಾದ ಅಂಕಿ ಮರಳಿತು. ಲೆಕ್ಕವೆಲ್ಲ ಕಂಪನಿಯ ಯಂತ್ರದಲ್ಲಿರುತ್ತದೆ, ನಮ್ಮ ಮನೆಯಲ್ಲಿ ಏನು ತಿದ್ದಿದರೂ ಅದು ನಮ್ಮ ಕಣ್ಣಿಗಷ್ಟೇ ಎಂದು ಯಾರೋ ಗೊಣಗಿದರು. ಮರುಗಳಿಗೆಯಲ್ಲೇ ಆಟ ಮುಚ್ಚಿಕೊಂಡಿತು. ಪರದೆಯ ನಡುವೆ ಒಂದು ಸೂಚನೆ ಬಂತು: ನಿಷೇಧಿತ ಸಾಫ್ಟ್‌ವೇರ್ ಪತ್ತೆಯಾಗಿದೆ.

ವೀರೇಶನ ತೊದಲು ಕೇಳಿ ನಕ್ಕಿದ್ದ ಹುಡುಗ ಗೋಡೆಗೆ ಒರಗಿ ನೆಲ ನೋಡುತ್ತಿದ್ದ.

"ಈಗ ನಂಬಿದ್ರಾ?" ಎಂದು ಕೇಳಿದರು ಆಂಟಿ.

"ಇಷ್ಟು ವರ್ಷದ್ದೆಲ್ಲ ಹೋಯ್ತಲ್ಲ ಆಂಟಿ" ಎಂದ ಮಂಜು.

"ಅವ್ನದೂ ಹೋಯ್ತಲ್ಲಪ್ಪ. ಅವ್ನು ಕುರ್ಚಿ ಬಿಟ್ಟು ಏಳೋ ಹಾಗೆ ನಾವು ಮಾಡಿದ್ವಿ. ನಾನು ನೋಡ್ತಾ ಕೂತಿದ್ದೆ."

ಆಂಟಿಯ ಹೆಸರೂ ಸ್ವಲ್ಪ ದಿನದಲ್ಲೇ ಕಂಪನಿಯ ಆ ಪಟ್ಟಿಗೆ ಬಂತು. ಅದು ಬಂದ ದಿನ ಶ್ರೀಗಂಧದ ಕಾವಲಿಗೆ ಹೋಗೋಣ ಎಂದರು. ಸ್ಕೂಟಿಯಲ್ಲಿ ಕೂರಲು ಬೆರಳು ಹಿಡಿತ ಕೊಡಲಿಲ್ಲ; ಆಟೋದಲ್ಲಿ ಹೋದೆವು. ಮಾಗಡಿ ರಸ್ತೆಯಿಂದ ಒಳಗೆ ತಿರುಗಿ, ಇನ್ನೂ ಡಾಂಬರು ಕಾಣದ ಬೀದಿಯಲ್ಲಿ ಕೇಳಿ ಕೇಳಿ ಆ ಮನೆ ಹುಡುಕಿದೆವು. ವೀರೇಶ ಬಾಗಿಲಿಗೆ ಬಂದವನು ಒಳಗೆ ಕರೆಯಲೋ ಬೇಡವೋ ಎಂಬಂತೆ ನಿಂತ. ಆಮೇಲೆ ಜಗಲಿಯ ಮೇಲೆ ಚಾಪೆ ಹಾಸಿ, ಎರಡು ಲೋಟ ನೀರು ತಂದಿಟ್ಟ.

ಆಂಟಿ ಎಲ್ಲವನ್ನೂ ಹೇಳಿದರು. ಬೆರಳ ನೋವಿನ ಮಾತೆತ್ತಲಿಲ್ಲ, ಹಾಲಿನ ಮಾತನ್ನೂ ಎತ್ತಲಿಲ್ಲ. "ತೆರೆದಿಟ್ಟಿದ್ದೆ. ಗೊತ್ತಿದ್ದೂ ಸುಮ್ನಿದ್ದೆ. ಈಗ ಎಲ್ಲರಿಗೂ ಹೇಳಿದೀನಿ, ಎಲ್ಲರೂ ನಂಬಿದಾರೆ. ಕಂಪನಿಯೋರು ಖಾತೆ ವಾಪಸು ಕೊಡಲ್ಲ ಅಂತಾರೆ. ಎರಡು ಸಲ ಕೇಳಿದೆ" ಎಂದರು.

ವೀರೇಶ ಬಹಳ ಹೊತ್ತು ಮಾತಾಡಲಿಲ್ಲ. ಅದು ತೊದಲಿನ ಮೌನವೋ ಬೇರೆಯದೋ ನನಗೆ ತಿಳಿಯಲಿಲ್ಲ. ಆಂಟಿ ಕಾದರು.

"ಆ... ಆಟ ಹೋತು, ಹೋಗ್ಲಿ ಬಿಡ್ರಿ ಆಂಟಿ" ಎಂದ ಕೊನೆಗೆ. "ನೀವು ಅವತ್ತ ಬಾಜೂಕ ಇದ್ರಿ. ನ... ನಾ ತಡವರಸಾಕತ್ತಿದ್ದೆ. ನನಗ ಯಾಕ ಮಾತು ಬರ್ತಿಲ್ಲ ಅನ್ನೂದು ಅಲ್ಲಿದ್ದವ್ರಾಗ ನಿಮಗೊಬ್ರಿಗೇ ಗೊ... ಗೊತ್ತಿತ್ತು."

"ಹೌದು" ಎಂದರು ಆಂಟಿ.

"ಕಾಲೇಜಿನ ವಾದಕ್ಕ ಹೆಸರು ಕೊಟ್ಟಿದ್ದೆ. ತೆ... ತೆಗದ್ಬಿಟ್ಟೆ."

"ಮತ್ತೆ ಕೊಡಪ್ಪಾ" ಎನ್ನುವವರಂತೆ ಆಂಟಿ ಬಾಯಿ ತೆರೆದರು. ಆದರೆ ಹೇಳಲಿಲ್ಲ. ಆ ಮಾತು ಹೇಳುವ ಹಕ್ಕು ತಮಗೆ ಉಳಿದಿಲ್ಲ ಎಂದು ಅನಿಸಿರಬೇಕು. ಕೈ ಮುಗಿಯಲು ಹೋದರು. ಅವನು ಗಾಬರಿಯಿಂದ "ಹಂಗ ಮಾಡಬ್ಯಾಡ್ರಿ" ಎಂದು ಹಿಂದೆ ಸರಿದ. ಕ್ಷಮಿಸಿದೆ ಎನ್ನಲಿಲ್ಲ. ನಾವು ಹೊರಟಾಗ ಬೀದಿಯ ತುದಿಯವರೆಗೂ ಬಂದು ಆಟೋ ನಿಲ್ಲಿಸಿಕೊಟ್ಟ. ಮಂಜು ಮತ್ತು ಉಳಿದ ಹುಡುಗರೂ ಆಮೇಲೆ ಹೋಗಿ ಕ್ಷಮೆ ಕೇಳಿದರಂತೆ. ಅವನು ಅವರ ಜೊತೆ ಚಹಾ ಕುಡಿದನಂತೆ. ಆದರೆ ಗುಂಪಿಗೆ ಮರಳಲಿಲ್ಲ. ಓದು ಮುಗಿದ ಮೇಲೆ ಊರಿಗೆ ಹೋದ ಎಂದಷ್ಟೇ ಗೊತ್ತಾಯಿತು.

ಆಂಟಿ ಮತ್ತೆ ಯಾವ ಆಟವನ್ನೂ ಆಡಲಿಲ್ಲ. ಬೇರೆ ಹೆಸರಿನಲ್ಲಿ ಹೊಸ ಖಾತೆ ತೆರೆಯಿರಿ, ಯಾರಿಗೂ ಗೊತ್ತಾಗುವುದಿಲ್ಲ ಎಂದು ಹುಡುಗರು ಎಷ್ಟೋ ಹೇಳಿದರು. "ನನಗೆ ಗೊತ್ತಾಗುತ್ತಲ್ಲ" ಎಂದುಬಿಟ್ಟರು. ಹಾಗೆಂದು ಮುಖ ಸಣ್ಣ ಮಾಡಿಕೊಂಡು ಕೂತವರಲ್ಲ. ಹುಡುಗರ ಮದುವೆಗಳಿಗೆ ಹೋದರು, ಅವರ ಮಕ್ಕಳಿಗೆ ಟೋಪಿ ಹೆಣೆಯಲು ಹೊರಟು ಬೆರಳು ಸಾಗದೆ ನನ್ನಿಂದ ಹೆಣೆಸಿದರು. ನಗು ಮೊದಲಿನಷ್ಟೇ ಗಟ್ಟಿಯಾಗಿತ್ತು. ಆದರೆ ಯಾರಾದರೂ "ನೀವು ಆವತ್ತು ಮಾಡಿದ್ದು ದೊಡ್ಡ ಕೆಲಸ ಆಂಟಿ" ಎಂದು ಶುರು ಮಾಡಿದರೆ ಎದ್ದು ಒಳಗೆ ಹೋಗುತ್ತಿದ್ದರು. ಹೊಗಳಿಸಿಕೊಳ್ಳುವುದು ಅವರಿಗೆ ಆಗದ ಕೆಲಸವಾಯಿತು.

ನಾನು ಮದುವೆಯಾಗಿ ಕೆಂಗೇರಿಗೆ ಬಂದಮೇಲೆ ಆಗಾಗ ಹೋಗಿ ನೋಡಿ ಬರುತ್ತಿದ್ದೆ. ಕೊನೆಯ ಸಲ ಹೋದಾಗ ಅವರು ಹಾಸಿಗೆ ಹಿಡಿದಿದ್ದರು. ಬೆರಳುಗಳು ಒಳಕ್ಕೆ ಮಡಿಚಿಕೊಂಡಿದ್ದವು; ನಾನು ಒಂದೊಂದನ್ನೇ ಬಿಡಿಸಿ ನೀವುತ್ತಿದ್ದೆ. ನಿದ್ದೆ ಹತ್ತಿತೆಂದುಕೊಂಡೆ. ಕಣ್ಣು ಮುಚ್ಚಿಕೊಂಡೇ ಕೇಳಿದರು.

"ವೀರೇಶನ ಸುದ್ದಿ ಏನಾದ್ರೂ ಗೊತ್ತಾ?"

"ಚೆನ್ನಾಗಿದಾನಂತೆ ಆಂಟಿ. ಗದಗಿನ ಕೋರ್ಟಲ್ಲಿ ವಕೀಲ ಆಗಿದಾನಂತೆ. ಬಹಳ ಚೆನ್ನಾಗಿ ವಾದ ಮಾಡ್ತಾನಂತೆ."

ಅವರು ಕಣ್ಣು ತೆರೆದರು. ನನ್ನ ದನಿಯಲ್ಲಿ ಏನನ್ನು ಕೇಳಿಸಿಕೊಂಡರೋ.

"ಯಾರು ಹೇಳಿದ್ರು?"

ನಾನು ಅವರ ಹೆಬ್ಬೆರಳನ್ನು ನೀವಿದೆ.

"ನಿನಗೆ ಗೊತ್ತಿಲ್ಲ ಅಲ್ವಾ?"

"ಇಲ್ಲ ಆಂಟಿ. ಗೊತ್ತಿಲ್ಲ."

"ಹಾಗೇ ಹೇಳು. ಗೊತ್ತಿಲ್ಲ ಅಂದ್ರೆ ನಾನು ತಡ್ಕೋತೀನಿ" ಎಂದು, ಇನ್ನೊಂದು ಕೈಯನ್ನು ನನ್ನ ಮಡಿಲಿಗೆ ಚಾಚಿದರು.